ಅನಿಲ ಸಾಗಣೆ, ವಿತರಣೆ ಕಂಪನಿಗಳ ಅಂಕಿ-ಅಂಶ: ಯಾವ ದಾರಿಯಲ್ಲಿ ಸಂಗ್ರಹಿಸಿದರೆ ಲೆಕ್ಕ ಕೂಡುತ್ತದೆ?

ನೈಸರ್ಗಿಕ ಅನಿಲದ ರಾಷ್ಟ್ರೀಯ ಲೆಕ್ಕ ಹಾಕಲು ಹೊರಟವರ ಮುಂದೆ ಹಲವು ದಾರಿಗಳಿವೆ. ಸಾಗಣೆ ಕಂಪನಿಯನ್ನು ಕೇಳಬಹುದು, ವಿತರಣೆ ಕಂಪನಿಯನ್ನು ಕೇಳಬಹುದು. ನಿಯಂತ್ರಕರ ಬಳಿ ಇರುವ ವರದಿಗಳನ್ನೇ ಎತ್ತಿಕೊಳ್ಳಬಹುದು, ಹೊಸ ಫಾರಂ ಕಳಿಸಬಹುದು. ತಿಂಗಳಿಗೊಮ್ಮೆ ಕೇಳಬಹುದು, ವರ್ಷಕ್ಕೊಮ್ಮೆ ಕೇಳಬಹುದು. ಯಾವ ದಾರಿ ಹಿಡಿದರೂ ಕೊನೆಗೆ ಎದುರಾಗುವ ಪ್ರಶ್ನೆ ಒಂದೇ: ಜಾಲದೊಳಗೆ ಬಂದ ಅನಿಲ ಮತ್ತು ಹೊರಗೆ ಹೋದ ಅನಿಲ ತಾಳೆಯಾಗುತ್ತವೆಯೇ? ತಾಳೆ ನೋಡಲು ಅವಕಾಶವೇ ಕೊಡದ ವಿಧಾನ ಎಷ್ಟು ಅಗ್ಗವಾಗಿದ್ದರೂ ಬೇಡ. ಕೆಳಗಿನ ಹೋಲಿಕೆಯೆಲ್ಲ ಈ ಒಂದು ಅಳತೆಗೋಲಿನ ಮೇಲೆ ನಿಂತಿದೆ. ಉದಾಹರಣೆಗಳು ಭಾರತದವು, ಹೋಲಿಸಿ ನೋಡಲು ಅಮೆರಿಕದ್ದು.

ಸಾಗಣೆದಾರರನ್ನು ಕೇಳುವುದೋ, ವಿತರಕರನ್ನು ಕೇಳುವುದೋ

ರಾಷ್ಟ್ರೀಯ ಕೈಗಾರಿಕಾ ವರ್ಗೀಕರಣದಲ್ಲಿ (ಎನ್‌ಐಸಿ 2008) ಕೊಳವೆ ಮೂಲಕ ದೂರ ಸಾಗಣೆಗೆ 4930, ಊರೊಳಗಿನ ಕೊಳವೆ ಜಾಲದಲ್ಲಿ ಅನಿಲ ವಿತರಣೆಗೆ 3520. ಬಂಕಿನಲ್ಲಿ ಸಿಎನ್‌ಜಿ ಚಿಲ್ಲರೆ ಮಾರಾಟ 4730ಕ್ಕೆ ಹೋಗುತ್ತದೆ. ಕಾಗದದ ಮೇಲೆ ಗೆರೆ ಸ್ಪಷ್ಟ. ಆದರೆ ಒಂದೇ ಕಂಪನಿ ಮೂರೂ ಕೆಲಸ ಮಾಡುವುದು ನಮ್ಮಲ್ಲಿ ಸಾಮಾನ್ಯ. ಹೀಗಾಗಿ ಕೋಡ್ ನೋಡಿ ಪಟ್ಟಿ ಮಾಡಿದರೆ ಒಂದಿಷ್ಟು ಅನಿಲ ಎರಡು ಕಡೆ ಸಿಗುತ್ತದೆ, ಒಂದಿಷ್ಟು ಎಲ್ಲೂ ಸಿಗುವುದಿಲ್ಲ.

ವಿತರಕರನ್ನಷ್ಟೇ ಕೇಳಿದರೆ ದೊಡ್ಡ ಗ್ರಾಹಕರೇ ತಪ್ಪಿಹೋಗುತ್ತಾರೆ. ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ನಿಯಂತ್ರಣ ಮಂಡಳಿಯ (ಪಿಎನ್‌ಜಿಆರ್‌ಬಿ) 2008ರ ನಿಯಮಗಳ ಪ್ರಕಾರ ದಿನಕ್ಕೆ 50,000 ಎಸ್‌ಸಿಎಂ (ಪ್ರಮಾಣಿತ ಘನ ಮೀಟರ್) ವರೆಗಿನ ಗ್ರಾಹಕರು ನಗರ ವಿತರಣೆ ಜಾಲಕ್ಕೆ ಸೇರಿದವರು. 1,00,000 ದಾಟಿದವರು ಮುಖ್ಯ ಕೊಳವೆಯಿಂದಲೇ ಪಡೆಯುತ್ತಾರೆ. ನಡುವಿನವರು ಎರಡರಲ್ಲಿ ಯಾವುದನ್ನಾದರೂ ಆರಿಸಬಹುದು. ಯೂರಿಯಾ ಕಾರ್ಖಾನೆ, ವಿದ್ಯುತ್ ಸ್ಥಾವರ, ರಿಫೈನರಿಗಳು ಈ ದೊಡ್ಡವರ ಗುಂಪು. ಕೊಚ್ಚಿ–ಮಂಗಳೂರು ನಡುವಿನ 450 ಕಿ.ಮೀ. ಕೊಳವೆ 2021ರ ಜನವರಿ 5ರಂದು ಉದ್ಘಾಟನೆಯಾಯಿತು. ಅದರ ಮಂಗಳೂರು ತುದಿಯಲ್ಲಿ ಅನಿಲ ಪಡೆಯುವ ರಸಗೊಬ್ಬರ ಕಾರ್ಖಾನೆಯ ಬಳಕೆ ಯಾವ ನಗರ ವಿತರಣೆ ಕಂಪನಿಯ ಪುಸ್ತಕದಲ್ಲೂ ಬರುವುದಿಲ್ಲ.

ಸಾಗಣೆದಾರರನ್ನಷ್ಟೇ ಕೇಳಿದರೆ ತೊಂದರೆ ಬೇರೆ. ಕಾಕಿನಾಡದ ಕಡೆಯಿಂದ ಹೊರಟ ಒಂದು ಘನ ಮೀಟರ್ ಅನಿಲ ಒಂದು ಕಂಪನಿಯ ಕೊಳವೆಯಿಂದ ಇನ್ನೊಂದರ ಕೊಳವೆಗೆ ದಾಟಿ ಗ್ರಾಹಕನನ್ನು ತಲುಪುತ್ತದೆ. ಎರಡೂ ಕಂಪನಿಗಳು ಅದನ್ನು ‘ನಾವು ಸಾಗಿಸಿದ್ದು’ ಎಂದೇ ಬರೆಯುತ್ತವೆ, ಎರಡೂ ಸುಳ್ಳಲ್ಲ. ಕೂಡಿಸಿದರೆ ಮಾತ್ರ ಒಂದು ಎರಡಾಗುತ್ತದೆ. ಒಟ್ಟು ಸಾಗಣೆ ಪ್ರಮಾಣವನ್ನು ರಾಷ್ಟ್ರೀಯ ಬಳಕೆಯೆಂದು ಓದುವ ತಪ್ಪು ಹುಟ್ಟುವುದೇ ಇಲ್ಲಿ.

ನಮ್ಮ ಸಲಹೆ: ಇಬ್ಬರನ್ನೂ ಕೇಳಿ, ಆದರೆ ಬೇರೆ ಬೇರೆ ಪ್ರಶ್ನೆ ಕೇಳಿ. ಸಾಗಣೆದಾರರಿಂದ ‘ಯಾರಿಂದ ಪಡೆದಿರಿ, ಯಾರಿಗೆ ಒಪ್ಪಿಸಿದಿರಿ’ ಎಂಬ ಹೆಸರು ಸಮೇತ ಪಟ್ಟಿ. ವಿತರಕರಿಂದ ಸಿಟಿ ಗೇಟ್ ಸ್ಟೇಷನ್‌ನಲ್ಲಿ (ಮುಖ್ಯ ಕೊಳವೆಯ ಅನಿಲ ನಗರ ಜಾಲಕ್ಕೆ ಸೇರುವ ಜಾಗ) ಪಡೆದ ಪ್ರಮಾಣ ಮತ್ತು ಗ್ರಾಹಕ ವರ್ಗವಾರು ಮಾರಾಟ. ಸಾಗಣೆದಾರ ‘ಒಪ್ಪಿಸಿದೆ’ ಎಂದದ್ದೂ ವಿತರಕ ‘ಪಡೆದೆ’ ಎಂದದ್ದೂ ಒಂದೇ ಮೀಟರಿನ ಸಂಖ್ಯೆಗಳು, ಏಕೆಂದರೆ ಹಣದ ವ್ಯವಹಾರ ನಡೆಯುವುದು ಆ ಮೀಟರಿನ ಮೇಲೆ. ಇಡೀ ಸಮೀಕ್ಷೆಯಲ್ಲಿ ಇಷ್ಟು ಗಟ್ಟಿ ಜಾಗ ಇನ್ನೊಂದಿಲ್ಲ. ಎರಡು ಸಂಖ್ಯೆಗಳ ನಡುವೆ ಅರ್ಧ ಶೇಕಡಾಕ್ಕಿಂತ ಹೆಚ್ಚು ಅಂತರ ಕಂಡರೆ ಅದು ಮೀಟರಿನ ದೋಷ ಎನ್ನುವ ಮೊದಲು ಅವಧಿ ಅಥವಾ ಮಾನವನ್ನು ಅನುಮಾನಿಸಿ. ಭಾರತದಲ್ಲಿ ‘ಗ್ಯಾಸ್ ಡೇ’ ಬೆಳಿಗ್ಗೆ 6ರಿಂದ ಮರುದಿನ ಬೆಳಿಗ್ಗೆ 6ರವರೆಗೆ. ಮಾರ್ಚ್ 31ರ ಅನಿಲ ಮುಗಿಯುವುದು ಏಪ್ರಿಲ್ 1ರ ಬೆಳಿಗ್ಗೆ. ಲೆಕ್ಕಪತ್ರ ವಿಭಾಗ ಮಧ್ಯರಾತ್ರಿಗೆ ಗೆರೆ ಎಳೆದು, ಕಾರ್ಯಾಚರಣೆ ವಿಭಾಗ ಬೆಳಿಗ್ಗೆ ಆರಕ್ಕೆ ಎಳೆದಿದ್ದರೆ ಒಂದೇ ಕಂಪನಿಯಿಂದ ಎರಡು ಉತ್ತರ ಬರುತ್ತದೆ.

ಕಂಪನಿವಾರು ಲೆಕ್ಕವೋ, ಪ್ರದೇಶವಾರು ಲೆಕ್ಕವೋ

ಕಂಪನಿಗೆ ಒಂದು ಫಾರಂ ಎಂಬುದು ಸುಲಭದ ದಾರಿ. ಕಂಪನಿಗಳು ಕೆಲವು ಡಜನ್ ಮಾತ್ರ, ಪ್ರಧಾನ ಕಚೇರಿಗೆ ಒಂದು ಪತ್ರ ಬರೆದರೆ ಸಾಕು. ನಗರ ಅನಿಲ ವಿತರಣೆಗೆ ಹಂಚಿದ ಭೌಗೋಳಿಕ ಪ್ರದೇಶಗಳು (ಜಿಎ) 300ಕ್ಕೂ ಹೆಚ್ಚಿವೆ. 2018ರ ಒಂಬತ್ತನೇ ಬಿಡ್ ಸುತ್ತಿನಲ್ಲೇ 86, ಹತ್ತನೇ ಸುತ್ತಿನಲ್ಲಿ 50. ಆದರೂ ಜಿಎವಾರು ಫಾರಮ್ಮೇ ಮೇಲು ಎಂದು ಖಚಿತವಾಗಿ ಹೇಳಬಹುದು.

ಪುಣೆ, ನಾಶಿಕ್‌ಗಳಲ್ಲಿ ಅನಿಲ ಹಂಚುವ ಮಹಾರಾಷ್ಟ್ರ ನ್ಯಾಚುರಲ್ ಗ್ಯಾಸ್ ಲಿಮಿಟೆಡ್ ನಮ್ಮ ರಾಮನಗರ ಪ್ರದೇಶವನ್ನೂ ನೋಡಿಕೊಳ್ಳುತ್ತದೆ. ಕಂಪನಿವಾರು ಕೇಳಿದರೆ ರಾಮನಗರದ ಅನಿಲ ಮಹಾರಾಷ್ಟ್ರದ ಖಾತೆಗೆ ಬೀಳುತ್ತದೆ. ಇನ್ನೊಂದು ಕಾರಣ, ಕಂಪನಿಗಳು ಬದಲಾಗುತ್ತವೆ. ಭಾರತ್ ಗ್ಯಾಸ್ ರಿಸೋರ್ಸಸ್ 2022ರಲ್ಲಿ ಬಿಪಿಸಿಎಲ್‌ನಲ್ಲಿ ವಿಲೀನವಾಯಿತು. ಕಂಪನಿವಾರು ಸರಣಿ ಇಟ್ಟಿದ್ದರೆ ಅಲ್ಲಿಗೆ ಒಂದು ಸಾಲು ಕಡಿದು ಇನ್ನೊಂದು ಸಾಲು ಉಬ್ಬುತ್ತದೆ. ಜಿಎ ಎಲ್ಲಿದೆಯೋ ಅಲ್ಲೇ ಇರುತ್ತದೆ, ಒಡೆಯರು ಬದಲಾದರೂ ಸರಣಿ ಕಡಿಯುವುದಿಲ್ಲ.

ಜಿಎಯ ಒಂದು ಮಿತಿಯೂ ಗೊತ್ತಿರಲಿ. ಅದು ಜಿಲ್ಲೆಯ ಗಡಿಗೆ ಸರಿಯಾಗಿ ಹೊಂದುವುದಿಲ್ಲ. ಮೈಸೂರು–ಮಂಡ್ಯ–ಚಾಮರಾಜನಗರ ಸೇರಿ ಒಂದು, ಚಿತ್ರದುರ್ಗ–ದಾವಣಗೆರೆ ಸೇರಿ ಒಂದು. ಜಿಲ್ಲಾವಾರು ಅಂಕಿ ಬೇಕಿದ್ದರೆ ಗ್ರಾಹಕರ ಸಂಖ್ಯೆ ಮತ್ತು ಸಿಎನ್‌ಜಿ ಬಂಕುಗಳನ್ನು ಮಾತ್ರ ಜಿಲ್ಲೆಗೆ ಒಡೆದು ಕೇಳಿ. ಅನಿಲದ ಪ್ರಮಾಣವನ್ನು ಒಡೆಯಲು ಹೇಳಿದರೆ ಅಂದಾಜಿನ ಸಂಖ್ಯೆ ಬರುತ್ತದೆ. ಕೊಳವೆಯ ಮೇಲೆ ಜಿಲ್ಲಾ ಗಡಿಯಲ್ಲಿ ಮೀಟರ್ ಇರುವುದಿಲ್ಲವಲ್ಲ.

ಅಮೆರಿಕದ ಇಂಧನ ಮಾಹಿತಿ ಆಡಳಿತ (ಇಐಎ) ಇದೇ ಸಮಸ್ಯೆಯನ್ನು ಇಐಎ-176 ಎಂಬ ವಾರ್ಷಿಕ ಫಾರಂನಲ್ಲಿ ಬಗೆಹರಿಸಿಕೊಂಡಿದೆ. ಕಂಪನಿ ಎಷ್ಟು ರಾಜ್ಯಗಳಲ್ಲಿದೆಯೋ ಅಷ್ಟು ಫಾರಂ. ರಾಜ್ಯದ ಗಡಿ ದಾಟಿ ಬಂದದ್ದು, ಹೋದದ್ದು ಪ್ರತ್ಯೇಕ ಸಾಲು. ನಕಲು ಮಾಡಲು ಯೋಗ್ಯವಾದ ಪದ್ಧತಿ.

ಇರುವ ಕಡತವೋ, ಹೊಸ ಫಾರಮ್ಮೋ

2006ರ ಕಾಯ್ದೆಯಡಿ ಬಂದ ಪಿಎನ್‌ಜಿಆರ್‌ಬಿಗೆ ಕಂಪನಿಗಳು ಪ್ರಗತಿ ವರದಿ ಸಲ್ಲಿಸುತ್ತವೆ. 2002ರಿಂದ ಕೆಲಸ ಮಾಡುತ್ತಿರುವ ಪಿಪಿಎಸಿ (ಪೆಟ್ರೋಲಿಯಂ ಸಚಿವಾಲಯದ ಯೋಜನೆ ಮತ್ತು ವಿಶ್ಲೇಷಣೆ ಘಟಕ) ಉತ್ಪಾದನೆ, ಎಲ್‌ಎನ್‌ಜಿ (ದ್ರವೀಕೃತ ನೈಸರ್ಗಿಕ ಅನಿಲ) ಆಮದು, ವಲಯವಾರು ಬಳಕೆ, ಮನೆ ಸಂಪರ್ಕ, ಸಿಎನ್‌ಜಿ ಬಂಕುಗಳ ಸಂಖ್ಯೆಯನ್ನು ತಿಂಗಳ ವರದಿಯಾಗಿ ಪ್ರಕಟಿಸುತ್ತದೆ. ಇಷ್ಟೆಲ್ಲ ಇರುವಾಗ ಇನ್ನೊಂದು ಫಾರಂ ಯಾಕೆ ಎಂದು ಕಂಪನಿಯವರು ಕೇಳಿದರೆ ಅದು ನ್ಯಾಯವೇ. ಸಿಗುವುದನ್ನು ಮತ್ತೆ ಕೇಳಬೇಡಿ. ಆದರೆ ನಿಯಂತ್ರಕರ ವರದಿ ಹುಟ್ಟಿರುವುದು ‘ಕಂಪನಿ ಮಾತು ಉಳಿಸಿಕೊಂಡಿತೇ’ ಎಂದು ನೋಡುವುದಕ್ಕೆ, ‘ಅನಿಲ ಎಲ್ಲಿ ಹೋಯಿತು’ ಎಂದು ನೋಡುವುದಕ್ಕಲ್ಲ. ಎರಡು ಪದಗಳಲ್ಲಿ ಈ ವ್ಯತ್ಯಾಸ ಕಾಣುತ್ತದೆ.

ಒಂದು, ಇಂಚು-ಕಿ.ಮೀ. ಒಂಬತ್ತನೇ ಸುತ್ತಿನಿಂದ ಉಕ್ಕಿನ ಕೊಳವೆಯ ಗುರಿಯನ್ನು ವ್ಯಾಸ ಇಂಟು ಉದ್ದ ಎಂಬ ಲೆಕ್ಕದಲ್ಲಿ ಕೊಡಲಾಗುತ್ತದೆ. 8 ಇಂಚಿನ 10 ಕಿ.ಮೀ. ಕೊಳವೆಯೂ 80, 4 ಇಂಚಿನ 20 ಕಿ.ಮೀ. ಕೊಳವೆಯೂ 80. ಗುರಿ ತಲುಪಿದ್ದನ್ನು ಅಳೆಯಲು ಇದು ಸಾಕು. ಜಾಲದ ಉದ್ದ ಎಷ್ಟೆಂದು ತಿಳಿಯಲು ಸಾಲದು. ವ್ಯಾಸವಾರು ಉದ್ದವನ್ನೂ, ಉಕ್ಕು ಮತ್ತು ಎಂಡಿಪಿಇ ಪ್ಲಾಸ್ಟಿಕ್ ಕೊಳವೆಯ ಉದ್ದವನ್ನೂ ಬೇರೆ ಬೇರೆ ಕೇಳಲೇಬೇಕು.

ಎರಡು, ‘ಮನೆ ಸಂಪರ್ಕ’. ಮನೆಯವರೆಗೆ ಕೊಳವೆ ಬಂದು ಮೀಟರ್ ಕೂತಿದ್ದರೂ ಒಲೆಗೆ ಜೋಡಣೆ ಆಗಿರದೇ ಇರಬಹುದು. ಜೋಡಣೆಯಾಗಿ ಮನೆ ಖಾಲಿಯೂ ಇರಬಹುದು. ಆದ್ದರಿಂದ ಮೂರು ಅಂಕಣ ಬೇಕು: ಮೀಟರ್ ಕೂತ ಮನೆ, ಅನಿಲ ಹರಿದ ಮನೆ, ವರ್ಷದ ಕೊನೆಯ ಬಿಲ್ಲಿನಲ್ಲಿ ಸೊನ್ನೆಗಿಂತ ಹೆಚ್ಚು ಬಳಕೆ ಇದ್ದ ಮನೆ. ಮನೆಯೊಂದಕ್ಕೆ ಸರಾಸರಿ ಬಳಕೆ ತೆಗೆಯುವಾಗ ಮೂರನೆಯದರಿಂದಲೇ ಭಾಗಿಸಿ. ಮೊದಲನೆಯದರಿಂದ ಭಾಗಿಸಿದರೆ ಹೊಸ ಜಿಎಗಳಲ್ಲಿ ಜನ ಅಡುಗೆಯನ್ನೇ ಮಾಡುವುದಿಲ್ಲವೇನೋ ಎಂಬಂಥ ಸರಾಸರಿ ಬರುತ್ತದೆ.

ಎರಡು ಸಂಸ್ಥೆಗಳ ಕಡತ ಜೋಡಿಸುವಾಗ ಅವಧಿಯನ್ನು ನೋಡಿಕೊಳ್ಳಿ. ಅಮೆರಿಕದಲ್ಲಿ ಕೊಳವೆ ಸುರಕ್ಷತೆಯ ಇಲಾಖೆಗೆ (ಪಿಎಚ್‌ಎಂಎಸ್‌ಎ) ವಿತರಕರು ಕೊಡುವ ವಾರ್ಷಿಕ ವರದಿಯಲ್ಲಿ ಕೊಳವೆಯ ಉದ್ದ ಡಿಸೆಂಬರ್ ಕೊನೆಯದ್ದು. ಅದೇ ಫಾರಂನಲ್ಲಿ ‘ಲೆಕ್ಕಕ್ಕೆ ಸಿಗದ ಅನಿಲ’ದ ಶೇಕಡಾ ಮಾತ್ರ ಜೂನ್ 30ಕ್ಕೆ ಮುಗಿಯುವ 12 ತಿಂಗಳದ್ದು. ಇಐಎ-176ರ ಲೆಕ್ಕ ಜನವರಿಯಿಂದ ಡಿಸೆಂಬರ್. ಎರಡನ್ನೂ ಒಂದೇ ವರ್ಷದವೆಂದು ಪಕ್ಕಪಕ್ಕ ಇಟ್ಟರೆ ಕಾಣುವ ಅಂತರದ ಒಂದು ಪಾಲು ಬರೀ ಕ್ಯಾಲೆಂಡರಿನದು. ನಮ್ಮಲ್ಲಿ ಏಪ್ರಿಲ್–ಮಾರ್ಚ್ ವರ್ಷವಿದೆ, ಅಂತರರಾಷ್ಟ್ರೀಯ ಪ್ರಶ್ನಾವಳಿಗಳು ಬಹುಪಾಲು ಕ್ಯಾಲೆಂಡರ್ ವರ್ಷ ಕೇಳುತ್ತವೆ. ತಿಂಗಳ ಅಂಕಿ ಇಟ್ಟುಕೊಂಡವರಿಗೆ ಎರಡೂ ಸಿಗುತ್ತವೆ.

ಎಲ್ಲರನ್ನೂ ಕೇಳುವುದೋ, ಕೆಲವರನ್ನೋ; ತಿಂಗಳಿಗೋ, ವರ್ಷಕ್ಕೋ

ಅಮೆರಿಕದಲ್ಲಿ ಉತ್ತರಿಸಬೇಕಾದ ಕಂಪನಿಗಳು ಸುಮಾರು 2,000. ಅದಕ್ಕೇ ಅಲ್ಲಿ ವರ್ಷಕ್ಕೊಮ್ಮೆ ಎಲ್ಲರಿಗೂ ಇಐಎ-176 ಫಾರಂ, ತಿಂಗಳಿಗೊಮ್ಮೆ ಆಯ್ದ ಕೆಲವರಿಗೆ ಇಐಎ-857 ಫಾರಂ. ಕೆಲವರ ತಿಂಗಳ ಮೊತ್ತವನ್ನು ವಾರ್ಷಿಕ ಗಣತಿಯ ಅನುಪಾತದಿಂದ ಹಿಗ್ಗಿಸಿ ರಾಜ್ಯದ ಒಟ್ಟು ತೆಗೆಯುತ್ತಾರೆ. ಹಳೆಯ, ನಿಧಾನವಾಗಿ ಬೆಳೆಯುವ ಜಾಲಕ್ಕೆ ಇದು ಚೆನ್ನಾಗಿ ಹೊಂದುತ್ತದೆ.

ಭಾರತಕ್ಕೆ ಇದನ್ನು ಹಾಗೆಯೇ ತರುವುದು ತಪ್ಪು. ಲೆಕ್ಕ ನೋಡಿ: ಕಳೆದ ವರ್ಷ ಒಟ್ಟು 100ರಲ್ಲಿ ದೊಡ್ಡ ಕಂಪನಿಗಳದು 80 ಎಂದುಕೊಳ್ಳೋಣ. ಹಿಗ್ಗಿಸುವ ಗುಣಕ 1.25. ಈ ವರ್ಷ ದೊಡ್ಡವರು 80ರಲ್ಲೇ ನಿಂತು, ಸಣ್ಣ ಹೊಸ ಜಿಎಗಳು 20ರಿಂದ 40ಕ್ಕೆ ಏರಿದರೆ ನಿಜವಾದ ಒಟ್ಟು 120. ಅಂದಾಜು ಮಾತ್ರ 100 ಎನ್ನುತ್ತದೆ. ಬೆಳವಣಿಗೆ ಎಲ್ಲಿದೆಯೋ ಅಲ್ಲೇ ಕಣ್ಣು ಮುಚ್ಚಿದಂತೆ. ಜಿಎಗಳು 300ರ ಆಸುಪಾಸು, ಉತ್ತರಿಸುವ ಕಂಪನಿಗಳು ಅದಕ್ಕಿಂತ ಎಷ್ಟೋ ಕಡಿಮೆ. ಇಷ್ಟಕ್ಕೆ ಮಾದರಿ ಸಮೀಕ್ಷೆಯ ಅಗತ್ಯವೇ ಇಲ್ಲ. ಎಲ್ಲರನ್ನೂ ಕೇಳಿ, ತಿಂಗಳ ಫಾರಂ ಮಾತ್ರ ಚಿಕ್ಕದಾಗಿರಲಿ.

ಎಷ್ಟು ಚಿಕ್ಕದು? ಮೀಟರಿನಿಂದ ನೇರವಾಗಿ ಸಿಗುವ ಸಂಖ್ಯೆಗಳಷ್ಟೇ: ಸಿಟಿ ಗೇಟ್‌ನಲ್ಲಿ ಪಡೆದದ್ದು, ಮಾರಿದ ಸಿಎನ್‌ಜಿ, ಕೈಗಾರಿಕೆಗೆ ಕೊಟ್ಟದ್ದು. ಕೈಗಾರಿಕೆಗಳ ಬಿಲ್ಲು ಸಾಮಾನ್ಯವಾಗಿ ಹದಿನೈದು ದಿನಕ್ಕೊಮ್ಮೆ ಆಗುತ್ತದೆ, ಸಿಎನ್‌ಜಿ ಮೀಟರ್ ದಿನಾ ಓದುತ್ತಾರೆ. ಮನೆಗಳದ್ದು ಹಾಗಲ್ಲ. ಹಲವು ಕಂಪನಿಗಳಲ್ಲಿ ಎರಡು ತಿಂಗಳಿಗೊಂದು ಬಿಲ್ಲು, ಅದರಲ್ಲೂ ಬೀದಿಯಿಂದ ಬೀದಿಗೆ ರೀಡಿಂಗ್ ದಿನ ಬೇರೆ. ಮನೆ ಬಳಕೆಯ ತಿಂಗಳ ಅಂಕಿಯನ್ನು ಕಡ್ಡಾಯ ಮಾಡಿದರೆ ಕಂಪನಿ ಎರಡು ತಿಂಗಳದ್ದನ್ನು ಅರ್ಧ ಮಾಡಿ ಬರೆಯುತ್ತದೆ, ನೀವು ಅದನ್ನು ಅಳತೆಯೆಂದು ನಂಬುತ್ತೀರಿ. ಅದನ್ನು ವಾರ್ಷಿಕ ಫಾರಂಗೆ ಬಿಡಿ.

ಎಸ್‌ಸಿಎಂ, ಕೆ.ಜಿ., ಎಂಎಂಬಿಟಿಯು

ಇಲ್ಲಿ ನಿಧಾನವಾಗಿ ಹೋಗಬೇಕು. ಲೆಕ್ಕ ಕೆಡುವುದು ಬಹುಪಾಲು ಇಲ್ಲೇ.

ವಿತರಣೆ ಕಂಪನಿಯೊಂದು ಅನಿಲವನ್ನು ಎಂಎಂಬಿಟಿಯು (ಹತ್ತು ಲಕ್ಷ ಬ್ರಿಟಿಷ್ ಥರ್ಮಲ್ ಯೂನಿಟ್, ಶಾಖದ ಮಾನ) ಲೆಕ್ಕದಲ್ಲಿ ಕೊಳ್ಳುತ್ತದೆ, ಮನೆಗೆ ಘನ ಮೀಟರಿನಲ್ಲಿ ಮಾರುತ್ತದೆ, ಬಂಕಿನಲ್ಲಿ ಕೆ.ಜಿ.ಯಲ್ಲಿ ಮಾರುತ್ತದೆ. ಮೂರನ್ನೂ ಒಂದೇ ಮಾನಕ್ಕೆ ತಂದು ಕೊಡಿ ಎಂದು ಕಂಪನಿಗೇ ಹೇಳುವುದು ಒಂದು ಆಯ್ಕೆ. ಅಳೆದ ಮಾನದಲ್ಲೇ ಪಡೆದು, ಪರಿವರ್ತನೆಗೆ ಬೇಕಾದ ಗುಣಕಗಳನ್ನೂ ಕೇಳಿ, ಕಚೇರಿಯಲ್ಲಿ ನೀವೇ ಪರಿವರ್ತಿಸುವುದು ಇನ್ನೊಂದು. ಎರಡನೆಯದನ್ನೇ ಆರಿಸಿ. ಕಾರಣ ಈ ಕಾಲ್ಪನಿಕ ಜಿಎಯ ಲೆಕ್ಕದಲ್ಲಿದೆ.

ವರ್ಷದಲ್ಲಿ ಸಿಟಿ ಗೇಟ್‌ನಲ್ಲಿ ಪಡೆದದ್ದು 100 ಲಕ್ಷ ಎಸ್‌ಸಿಎಂ, ಪಕ್ಕದ ಜಿಎಯಿಂದ ಲಾರಿಯ ಸಿಲಿಂಡರ್ ಕ್ಯಾಸ್ಕೇಡ್‌ನಲ್ಲಿ (ಒಟ್ಟಿಗೆ ಜೋಡಿಸಿದ ಸಿಲಿಂಡರುಗಳ ಗುಂಪು) ತಂದದ್ದು 2 ಲಕ್ಷ, ಒಟ್ಟು 102. ಹೋದದ್ದು: ಮನೆಗೆ 12, ಹೋಟೆಲು-ಅಂಗಡಿಗೆ 4, ಕೈಗಾರಿಕೆಗೆ 16, ಕಂಪ್ರೆಸರ್ ಮುಂತಾದ ಸ್ವಂತ ಬಳಕೆಗೆ ಅರ್ಧ ಲಕ್ಷ. ಇದರ ಜೊತೆ 50 ಲಕ್ಷ ಕೆ.ಜಿ. ಸಿಎನ್‌ಜಿ. ಅನಿಲದ ಸಾಂದ್ರತೆ ಎಸ್‌ಸಿಎಂಗೆ 0.74 ಕೆ.ಜಿ. ಎಂದರೆ ಸಿಎನ್‌ಜಿ 67.57 ಲಕ್ಷ ಎಸ್‌ಸಿಎಂ. ಆಗ ಲೆಕ್ಕಕ್ಕೆ ಸಿಗದ್ದು 1.93 ಲಕ್ಷ, ಅಂದರೆ ಶೇ. 1.9 ನಷ್ಟ. ಯಾರೋ ಹಳೆಯ ಎಕ್ಸೆಲ್ ಹಾಳೆಯಲ್ಲಿ 0.70 ಎಂದು ಬಿಟ್ಟಿದ್ದರೆ ಅದೇ ಸಿಎನ್‌ಜಿ 71.43 ಲಕ್ಷವಾಗುತ್ತದೆ. ಈಗ ಕೊಂಡದ್ದಕ್ಕಿಂತ 1.93 ಲಕ್ಷ ಹೆಚ್ಚು ಮಾರಿದಂತಾಯಿತು. ಅನಿಲ ಅದೇ, ಮೀಟರ್ ಅದೇ. ಒಂದು ದಶಮಾಂಶ ಸ್ಥಾನ ನಷ್ಟವನ್ನು ಲಾಭವಾಗಿ ತಿರುಗಿಸಿತು. ಕಂಪನಿ ಪರಿವರ್ತಿಸಿದ ಸಂಖ್ಯೆಯನ್ನಷ್ಟೇ ಪಡೆದಿದ್ದರೆ ಈ ತಪ್ಪನ್ನು ಹಿಡಿಯುವ ದಾರಿಯೇ ಇರುತ್ತಿರಲಿಲ್ಲ. ಸಾಂದ್ರತೆಯನ್ನು ಸಿಟಿ ಗೇಟ್‌ನ ಕ್ರೊಮ್ಯಾಟೊಗ್ರಾಫ್ (ಅನಿಲದ ಸಂಯೋಜನೆ ಅಳೆಯುವ ಯಂತ್ರ) ವರದಿಯಿಂದ, ಪ್ರಮಾಣಕ್ಕೆ ತೂಗಿದ ವಾರ್ಷಿಕ ಸರಾಸರಿಯಾಗಿ ಕೇಳಿ.

ಘನ ಮೀಟರಿನಲ್ಲೂ ಒಂದು ಒಳಸುಳಿ ಇದೆ. ಎಸ್‌ಸಿಎಂ ಎಂದರೆ 15 ಡಿಗ್ರಿ ಸೆಲ್ಸಿಯಸ್, 1.01325 ಬಾರ್ ಒತ್ತಡದಲ್ಲಿ ಒಂದು ಘನ ಮೀಟರ್. ಕೆಲವು ಯಂತ್ರಗಳ ದಾಖಲೆಯಲ್ಲಿ ಬರುವ ‘ನಾರ್ಮಲ್’ ಘನ ಮೀಟರ್ 0 ಡಿಗ್ರಿಯದು, ಒಂದು ನಾರ್ಮಲ್ ಘನ ಮೀಟರ್ ಅಂದರೆ 1.055 ಎಸ್‌ಸಿಎಂ. ಇನ್ನು ಮನೆಯ ಗೋಡೆಯ ಮೇಲಿನ ಸಾದಾ ಡಯಾಫ್ರಾಂ ಮೀಟರ್ ಈ ಯಾವುದನ್ನೂ ಅಳೆಯುವುದಿಲ್ಲ. ಆ ಊರಿನ ಒತ್ತಡ, ಆ ಹೊತ್ತಿನ ಉಷ್ಣತೆಯಲ್ಲಿ ಎಷ್ಟು ಘನ ಅಳತೆ ಹರಿಯಿತೋ ಅಷ್ಟನ್ನೇ ತೋರಿಸುತ್ತದೆ. ಒಲೆಗೆ ಹೋಗುವ ಒತ್ತಡ ವಾತಾವರಣಕ್ಕಿಂತ ಸುಮಾರು 21 ಮಿಲಿಬಾರ್ ಹೆಚ್ಚು. ಮಂಗಳೂರಿನಲ್ಲಿ, ಸಮುದ್ರಮಟ್ಟದಲ್ಲಿ, 30 ಡಿಗ್ರಿಯಲ್ಲಿ ಮೀಟರಿನ ಒಂದು ಘನ ಮೀಟರ್ ಸುಮಾರು 0.97 ಎಸ್‌ಸಿಎಂ. ಬೆಂಗಳೂರು 900 ಮೀಟರಿಗೂ ಎತ್ತರದಲ್ಲಿದೆ, ವಾತಾವರಣದ ಒತ್ತಡವೇ 910 ಮಿಲಿಬಾರ್ ಆಸುಪಾಸು. ಅಲ್ಲಿ 25 ಡಿಗ್ರಿಯಲ್ಲಿ ಅದೇ ಒಂದು ಘನ ಮೀಟರ್ ಸುಮಾರು 0.89 ಎಸ್‌ಸಿಎಂ. ತಿದ್ದುಪಡಿ ಗುಣಕ ಹಾಕದೆ ರೀಡಿಂಗನ್ನೇ ಎಸ್‌ಸಿಎಂ ಎಂದು ಬರೆದರೆ ಬೆಂಗಳೂರಿನ ಮನೆ ಬಳಕೆ ಶೇ. 12ರಷ್ಟು ಉಬ್ಬುತ್ತದೆ, ನಿಜವಾದ ಸೋರಿಕೆ ಅದರಡಿ ಮುಚ್ಚಿಹೋಗುತ್ತದೆ. ಹಾಗಾಗಿ ಫಾರಂನಲ್ಲಿ ಈ ಸಾಲು ಇರಲೇಬೇಕು: ‘ಮನೆ ಮೀಟರಿನ ರೀಡಿಂಗ್‌ಗೆ ಒತ್ತಡ-ಉಷ್ಣತೆಯ ಗುಣಕ ಹಾಕಿದ್ದೀರಾ? ಹಾಕಿದ್ದರೆ ಎಷ್ಟು?’

ಶಾಖದ ಲೆಕ್ಕಕ್ಕೆ ಒಟ್ಟು ಶಾಖಮೌಲ್ಯ (ಜಿಸಿವಿ) ಕೇಳಿ. 1 ಎಂಎಂಬಿಟಿಯು ಸುಮಾರು 2,52,000 ಕಿಲೊಕ್ಯಾಲರಿ. ಎಸ್‌ಸಿಎಂಗೆ 10,000 ಕಿಲೊಕ್ಯಾಲರಿಯ ಅನಿಲವಾದರೆ 25.2 ಎಸ್‌ಸಿಎಂ, 9,500ರದ್ದಾದರೆ 26.5. ನಿವ್ವಳ ಶಾಖಮೌಲ್ಯ ಒಟ್ಟಿನ ಶೇ. 90ರಷ್ಟು. ಯಾವುದೆಂದು ಹೇಳದೆ ಬಂದ ಸಂಖ್ಯೆಯಲ್ಲಿ ಹತ್ತು ಶೇಕಡಾ ಅನುಮಾನ ಉಳಿದೇ ಇರುತ್ತದೆ.

ವಾರ್ಷಿಕ ಫಾರಂ ಪರಿಶೀಲಿಸುವಾಗ

ಫಾರಂ ಎಡಕ್ಕೆ ಬಂದದ್ದು, ಬಲಕ್ಕೆ ಹೋದದ್ದು ಎಂಬ ಎರಡು ಭಾಗದ ಜಮಾಖರ್ಚಿನಂತಿರಲಿ. ಕೊನೆಯ ಸಾಲು ‘ಲೆಕ್ಕಕ್ಕೆ ಸಿಗದ ಅನಿಲ’ವನ್ನು ಕಂಪನಿ ತುಂಬದಿರಲಿ, ಅದು ತಾನಾಗಿ ಬೀಳಲಿ. ತುಂಬಲು ಬಿಟ್ಟರೆ ಉಳಿದ ಸಾಲುಗಳನ್ನು ಅದಕ್ಕೆ ಹೊಂದಿಸುವ ಆಸೆ ಹುಟ್ಟುತ್ತದೆ.

ಸಾಗಣೆ ಕೊಳವೆಗೆ ಲೈನ್‌ಪ್ಯಾಕ್ (ಕೊಳವೆಯೊಳಗೇ ಕೂತಿರುವ ಅನಿಲ) ಸಾಲು ಬೇಕು. ಕೊಳವೆ ಸ್ವತಃ ಒಂದು ಗೋದಾಮು. 24 ಇಂಚಿನ 100 ಕಿ.ಮೀ. ಕೊಳವೆಯಲ್ಲಿ ಒತ್ತಡ 10 ಬಾರ್ ಏರಿದರೆ ಎರಡೂವರೆಯಿಂದ ಮೂರು ಲಕ್ಷ ಎಸ್‌ಸಿಎಂ ಒಳಗೆ ಕೂರುತ್ತದೆ. ವರ್ಷದ ಲೆಕ್ಕದಲ್ಲಿ ಇದು ಸಣ್ಣದು, ತಿಂಗಳ ಲೆಕ್ಕದಲ್ಲಿ ದೊಡ್ಡದು. ಹೊಸ ಕೊಳವೆಗೆ ಮೊದಲ ಬಾರಿ ಅನಿಲ ತುಂಬಿದ ವರ್ಷ ಅದನ್ನು ನಷ್ಟವೆಂದು ಬರೆದುಬಿಡುವುದು ಸಾಮಾನ್ಯ ತಪ್ಪು. ಆ ಅನಿಲ ಎಲ್ಲೂ ಹೋಗಿಲ್ಲ, ಕೊಳವೆಯಲ್ಲೇ ಇದೆ.

ಕ್ಯಾಸ್ಕೇಡ್ ಲಾರಿಯಲ್ಲಿ ಜಿಎಯಿಂದ ಜಿಎಗೆ ಹೋದ ಅನಿಲ ಕೊಟ್ಟವರಲ್ಲಿ ‘ಸಿಎನ್‌ಜಿ ಮಾರಾಟ’ವಾಗಿಯೂ ಪಡೆದವರಲ್ಲಿ ಮತ್ತೆ ‘ಸಿಎನ್‌ಜಿ ಮಾರಾಟ’ವಾಗಿಯೂ ಬರುತ್ತದೆ. ಕೊಟ್ಟ ಜಿಎಯ ಫಾರಂನಲ್ಲಿ ‘ಬೇರೆ ವಿತರಕರಿಗೆ’ ಎಂಬ ಸಾಲಿಟ್ಟರೆ ಎರಡು ಸಲ ಎಣಿಸುವುದು ತಪ್ಪುತ್ತದೆ. ಕೊಳವೆ ಸಂಪರ್ಕ ಇನ್ನೂ ಬಾರದ ಜಿಎಗಳು ಟ್ಯಾಂಕರಿನಲ್ಲಿ ತರಿಸುವ ಎಲ್‌ಎನ್‌ಜಿಯನ್ನು ಟನ್‌ನಲ್ಲೇ ಬರೆಯಲಿ.

ಫಲಿತಾಂಶ ಋಣಾತ್ಮಕವಾಗಿದ್ದರೆ ಈ ಕ್ರಮದಲ್ಲಿ ಹುಡುಕಿ: ಸಿಎನ್‌ಜಿ ಸಾಂದ್ರತೆ, ಮನೆ ಮೀಟರಿನ ಗುಣಕ, ಬಿಲ್ಲಿನ ಅವಧಿ, ಕೊನೆಗೆ ಸಿಟಿ ಗೇಟ್ ಮೀಟರ್. ಶೇ. 5 ದಾಟಿದ ನಷ್ಟ ಬಂದರೆ ಯಾವುದೋ ಗ್ರಾಹಕ ವರ್ಗ ಪೂರ್ತಿ ಬಿಟ್ಟುಹೋಗಿದೆಯೇ ಎಂದು ಮೊದಲು ನೋಡಿ. ಕಂಪನಿಯೇ ನಡೆಸದ, ಪೆಟ್ರೋಲ್ ಬಂಕಿನೊಳಗಿರುವ ಸಿಎನ್‌ಜಿ ಘಟಕಗಳು ಹಾಗೆ ಬಿಟ್ಟುಹೋಗುವುದುಂಟು.

ಹಣ ಮತ್ತು ಗೌಪ್ಯತೆ

ಆದಾಯವನ್ನು ತೆರಿಗೆ ಬಿಟ್ಟು ಕೇಳಿ. ನೈಸರ್ಗಿಕ ಅನಿಲ ಇನ್ನೂ ಜಿಎಸ್‌ಟಿಯ ಹೊರಗಿದೆ, ವ್ಯಾಟ್ ದರ ರಾಜ್ಯದಿಂದ ರಾಜ್ಯಕ್ಕೆ ಬೇರೆ. ತೆರಿಗೆ ಸೇರಿಸಿ ಪಡೆದ ಮೊತ್ತದಿಂದ ಎರಡು ರಾಜ್ಯಗಳ ದರ ಹೋಲಿಸಲು ಬರುವುದಿಲ್ಲ. ಸಾಗಣೆ ಶುಲ್ಕವನ್ನೂ ಅನಿಲದ ಬೆಲೆಯನ್ನೂ ಬೇರೆ ಅಂಕಣದಲ್ಲಿಡಿ. ಸಾಗಿಸಿದವರೇ ಮಾರಿದವರಾಗಿರಬೇಕೆಂದಿಲ್ಲ, 2020ರ ಜೂನ್‌ನಲ್ಲಿ ಅನಿಲ ವಿನಿಮಯ ಕೇಂದ್ರ ಆರಂಭವಾದ ಮೇಲಂತೂ ಕೊಳವೆಯೊಳಗಿನ ಅನಿಲದ ಒಡೆಯ ಮೂರನೆಯವನಾಗಿರಬಹುದು.

ಪ್ರಕಟಣೆಗೆ ಎರಡು ಮಾದರಿ. ಇಐಎ-176ರ ಕಂಪನಿವಾರು ಅಂಕಿಗಳು ಸಾರ್ವಜನಿಕ, ಫಾರಂನಲ್ಲೇ ಹಾಗೆ ಹೇಳಿರುತ್ತಾರೆ. ನಮ್ಮ 2008ರ ಅಂಕಿ-ಅಂಶ ಸಂಗ್ರಹ ಕಾಯ್ದೆಯಡಿ ಕೇಳಿದ ಮಾಹಿತಿಯನ್ನು ಒಬ್ಬರದ್ದೆಂದು ಗುರುತು ಸಿಗುವಂತೆ ಹೊರಗೆ ಬಿಡುವಂತಿಲ್ಲ. ಜಿಎಯಲ್ಲಿ ವಿತರಕ ಒಬ್ಬನೇ ಇರುವುದರಿಂದ ಜಿಎವಾರು ಕೋಷ್ಟಕವೆಂದರೆ ಕಂಪನಿವಾರು ಕೋಷ್ಟಕವೇ. ಪ್ರಮಾಣ, ಸಂಪರ್ಕ, ಕೊಳವೆಯ ಉದ್ದ ಇವನ್ನು ಪ್ರಕಟಿಸಲು ಫಾರಂ ಕಳಿಸುವಾಗಲೇ ಲಿಖಿತ ಒಪ್ಪಿಗೆ ಪಡೆದುಕೊಳ್ಳಿ. ಕೊಂಡ ಬೆಲೆ ಮತ್ತು ದೊಡ್ಡ ಗ್ರಾಹಕರ ಹೆಸರನ್ನು ಮುಚ್ಚಿಡಿ. ರಾಜ್ಯದ ಒಟ್ಟಿನಲ್ಲಿ ಒಂದು ವರ್ಗಕ್ಕೆ ಮೂರಕ್ಕಿಂತ ಕಡಿಮೆ ಗ್ರಾಹಕರಿದ್ದರೆ ಆ ವರ್ಗವನ್ನು ‘ಇತರೆ’ಯೊಂದಿಗೆ ಸೇರಿಸಿ. ಹಾಗೆ ಸೇರಿಸಿದ ಮೇಲೆ ಪಕ್ಕದ ಕೋಷ್ಟಕದಿಂದ ಕಳೆದು ಅದೇ ಸಂಖ್ಯೆ ಹೊರತೆಗೆಯಲು ಬರುತ್ತದೆಯೇ ಎಂದು ಪ್ರಕಟಣೆಗೆ ಮೊದಲು ಒಮ್ಮೆ ಕಳೆದು ನೋಡಿ.